ನೋಡದ ಎಲೆಯ ಗೆಲುವು

ಮೂರೆಲೆ ಇಸ್ಪೀಟಿನಲ್ಲಿ ಕೈಗೆ ಬಂದ ಎಲೆಗಳನ್ನು ಮಗುಚಿ ನೋಡದೆಯೇ ಪಣ ಕಟ್ಟಬಹುದು. ಆಡುವವರ ಮಾತಿನಲ್ಲಿ ಇದು ‘ಬ್ಲೈಂಡ್’. ಎಲೆ ನೋಡಿದವನು ನೋಡದವನ ಎರಡರಷ್ಟು ಕಟ್ಟಬೇಕು. ಹಾಗಾಗಿ ಸಾಧಾರಣ ಎಲೆ ಹಿಡಿದವರು ಹೆದರಿ ಒಬ್ಬೊಬ್ಬರಾಗಿ ಆಟ ಬಿಡುತ್ತಾರೆ. ಕೊನೆಗೆ ಉಳಿದವನು ಎಲೆ ಬಿಚ್ಚಿದರೆ ಎರಡು ಒಂಬತ್ತು, ಒಂದು ಕಳಾವರ್ ಗುಲಾಮ! ಕೈಯಲ್ಲಿ ಜೋಡಿ ಇದೆಯೆಂದು ಗೆಲ್ಲುವ ತನಕ ಅವನಿಗೇ ಗೊತ್ತಿರಲಿಲ್ಲ.

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂಥ ಬಯಲುಸೀಮೆಯ ಊರುಗಳಲ್ಲಿ ಇಸ್ಪೀಟಿಗೂ ಯುಗಾದಿಗೂ ಹಳೆಯ ನಂಟು. ಉಳಿದ ದಿನ ಎಲೆ ಮುಟ್ಟದವರೂ ಹಬ್ಬದಲ್ಲಿ ನಾಲ್ಕು ಆಟ ಆಡಿ ಹೊಸ ವರ್ಷದ ಅದೃಷ್ಟ ನೋಡಿಕೊಳ್ಳುತ್ತಾರೆ. ನೋಡದೆ ಗೆದ್ದವನ ಕೈಗುಣದ ಮಾತು ಹುಟ್ಟುವುದು ಇಂಥ ಕಡೆಯೇ.

ಲೆಕ್ಕ ಬೇರೆಯೇ ಹೇಳುತ್ತದೆ. 52 ಎಲೆಗಳಲ್ಲಿ ಮೂರೆಲೆಯ 22,100 ಕೈಗಳು ಸಾಧ್ಯ. ಅವುಗಳಲ್ಲಿ 5,660 ಕೈಗಳು ಜೋಡಿ ಅಥವಾ ಅದಕ್ಕಿಂತ ಮೇಲಿನವು. ಅಂದರೆ ಮಗುಚದ ಎಲೆಗಳಲ್ಲೂ ಸುಮಾರು ನಾಲ್ಕಕ್ಕೊಂದು ಸಲ ಒಳ್ಳೆಯ ಕೈಯೇ ಇರುತ್ತದೆ. ಮೂರೂ ಒಂದೇ ಅಂಕಿಯಾಗಿ ಬರುವ ‘ಟ್ರಯಲ್’ 52 ಮಾತ್ರ, 425ಕ್ಕೆ ಒಂದು. ಐದು ಜನ ಕೂತು 85 ಆಟ ಆಡಿದರೆ 425 ಕೈ ಹಂಚಿದಂತಾಯಿತು. ಊರೆಲ್ಲ ವರ್ಷಗಟ್ಟಲೆ ನೆನೆಯುವ ಮೂರು ಎಕ್ಕ, ಮೂರು ರಾಜಗಳಂಥ ಪವಾಡ ಸರಾಸರಿಯಲ್ಲಿ ಒಂದೇ ರಾತ್ರಿಯ ಆಟದಲ್ಲಿ ಒಮ್ಮೆ ಬರುವಂಥದ್ದು. ಅದು ಯಾರ ಪಾಲಿಗೆ ಬೀಳುತ್ತದೆ ಎಂಬುದಷ್ಟೇ ಅದೃಷ್ಟ.

ಪೋಕರ್ ಐದೆಲೆಯ ಲೆಕ್ಕ. 25,98,960 ಕೈಗಳಲ್ಲಿ ಎಲ್ಲಕ್ಕಿಂತ ಮೇಲಿನದಾದ ರಾಯಲ್ ಫ್ಲಶ್ ನಾಲ್ಕೇ ನಾಲ್ಕು. ಆದರೆ ಆಕಸ್ಮಿಕ ಗೆಲುವು ಹೆಚ್ಚಾಗಿ ಕಾಣುವುದು ಟೆಕ್ಸಾಸ್ ಹೋಲ್ಡೆಮ್‌ನ ಕೊನೆಯ ಎಲೆಯಲ್ಲಿ. ತನ್ನ ಎರಡು, ನೆಲದ ನಾಲ್ಕು ಎಲೆಗಳಲ್ಲಿ ನಾಲ್ಕು ಆಟೀನು ಕಂಡವನಿಗೆ ಐದೆಲೆಯೂ ಆಟೀನಾಗಲು ಇನ್ನೊಂದು ಆಟೀನು ಬೇಕು. ಕಾಣದ 46 ಎಲೆಗಳಲ್ಲಿ ಅವು ಒಂಬತ್ತಿವೆ, ಸುಮಾರು ಐದಕ್ಕೊಂದು. ನಡುವೆ ಕೂಡಿದ ಹಣ ತಾನು ಕಟ್ಟಬೇಕಾದುದರ ನಾಲ್ಕು ಪಟ್ಟಿಗಿಂತ ತೀರ ಕಡಿಮೆಯಿದ್ದರೂ ಕಟ್ಟಿ, ಎಲೆ ಬಂದು ಗೆದ್ದವನು ತಪ್ಪು ಆಡಿಯೇ ಗೆದ್ದಿರುತ್ತಾನೆ. ಅದೇ ತಪ್ಪನ್ನು ನೂರು ಸಲ ಮಾಡಿದರೆ ಈರುಳ್ಳಿ, ಶೇಂಗಾ ಮಾರಿದ ದುಡ್ಡು ಕರಗುತ್ತದೆ. ಗೆದ್ದ ಒಂದು ಸಲವನ್ನು ಕಟ್ಟೆಯ ಮೇಲೆ ಹೇಳುವವರು ಸೋತದ್ದನ್ನು ಮನೆಯಲ್ಲೂ ಹೇಳುವುದಿಲ್ಲ.

ಅಂದರ್-ಬಾಹರ್‌ನಲ್ಲಿ ತಪ್ಪು ಆಡುವುದಕ್ಕೂ ಎಡೆಯಿಲ್ಲ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಎಲೆ ಬರುವವರೆಗೆ ಒಳಗೆ, ಹೊರಗೆ ಎಂದು ಎರಡು ಕಡೆ ಒಂದೊಂದೇ ಎಲೆ ಹಾಕುತ್ತ ಹೋಗುವುದು. ಸರಾಸರಿ ಹದಿಮೂರನೇ ಎಲೆಗೆ ಆಟ ಮುಗಿಯುತ್ತದೆ. ಮೊದಲ ಎಲೆ ಬಿದ್ದ ಕಡೆಗೆ ಗೆಲುವಿನ ಸಾಧ್ಯತೆ ಶೇ 51.5. ಆಟಗಾರನ ಜಾಣತನಕ್ಕೆ ಇಲ್ಲಿ ಏನೂ ಉಳಿದಿಲ್ಲ.

ಕಾನೂನು ಗೆರೆ ಎಳೆದದ್ದೂ ಇಲ್ಲಿಯೇ. ಬಿದ್ದ ಎಲೆ ನೆನಪಿಟ್ಟು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂದು ತೂಗಬೇಕಾದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಂತೆ ಬರೀ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿ ಈ ಗೆರೆಯನ್ನು ಅಳಿಸಹೊರಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾತ್ರ ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಒಟ್ಟಿಗೇ ನಿಷೇಧಿಸಿದೆ. ಊರ ಹೊರಗೆ ಬಯಲಲ್ಲಿ ಹಣ ಕಟ್ಟಿ ಕೂತವರ ಮೇಲೆ ಈಗಲೂ ಬೀಳುವುದು 1963ರ ಪೊಲೀಸ್ ಕಾಯ್ದೆಯ 87ನೇ ಕಲಂ.