ಕೆರೆದಂಡೆಯ ವಸತಿ ಸಮುಚ್ಚಯಗಳ ಸಾಮಾನ್ಯ ಸೌಲಭ್ಯಗಳ ನಿರ್ವಹಣೆ (ಬೆಂಗಳೂರು)

ಕೆರೆದಂಡೆಯ ವಸತಿ ಸಮುಚ್ಚಯಗಳ ಸಾಮಾನ್ಯ ಸೌಲಭ್ಯಗಳ ನಿರ್ವಹಣೆ ಎಂಬುದು ಕೆರೆಯ ಅಂಚಿನಲ್ಲಿ ಅಥವಾ ಅದರ ಸಮೀಪದಲ್ಲಿ ಕಟ್ಟಲಾದ ಅಪಾರ್ಟ್‌ಮೆಂಟುಗಳಲ್ಲಿ, ಎಲ್ಲ ಮಾಲೀಕರಿಗೂ ಸೇರಿದ ಆಸ್ತಿ ಮತ್ತು ಸೇವೆಗಳನ್ನು ಮಾಲೀಕರ ಸಂಘವು ನೋಡಿಕೊಳ್ಳುವ ವ್ಯವಸ್ಥೆಯಾಗಿದೆ. ಲಿಫ್ಟ್, ಮೆಟ್ಟಿಲು, ನೀರಿನ ತೊಟ್ಟಿ, ಜನರೇಟರ್, ಉದ್ಯಾನ, ಈಜುಕೊಳ, ವಾಹನ ನಿಲುಗಡೆಯ ಜಾಗ, ಕೊಳಚೆ ನೀರು ಸಂಸ್ಕರಣಾ ಘಟಕ (ಎಸ್‌ಟಿಪಿ) ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನಲ್ಲಿ ಬೆಳ್ಳಂದೂರು, ವರ್ತೂರು, ಕೈಕೊಂಡರಹಳ್ಳಿ, ಜಕ್ಕೂರು, ಪುಟ್ಟೇನಹಳ್ಳಿ ಮುಂತಾದ ಕೆರೆಗಳ ಆಸುಪಾಸಿನಲ್ಲಿ ಇಂತಹ ಸಮುಚ್ಚಯಗಳು ಬಹುಸಂಖ್ಯೆಯಲ್ಲಿವೆ. ಬೇರೆಡೆಯ ಸಂಘಗಳಿಗೂ ಕೆರೆದಂಡೆಯ ಸಂಘಗಳಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ನಿರ್ವಹಣೆಯ ಲೋಪ ಆವರಣದ ಗೋಡೆಯೊಳಗೆ ಉಳಿಯುವುದಿಲ್ಲ. ಅದು ನೇರವಾಗಿ ಕೆರೆಯನ್ನು ಸೇರುತ್ತದೆ.

ಕೆರೆಯ ಒಡೆತನ

ಮನೆ ಮಾರಾಟದ ಜಾಹೀರಾತುಗಳಲ್ಲಿ ಕೆರೆಯ ನೋಟವನ್ನು ಸೌಲಭ್ಯಗಳ ಪಟ್ಟಿಯಲ್ಲಿ ಸೇರಿಸುವುದು ರೂಢಿ. ಆದರೆ ಕಾನೂನಿನ ದೃಷ್ಟಿಯಲ್ಲಿ ಕೆರೆಯು ಸಮುಚ್ಚಯದ ಸಾಮಾನ್ಯ ಸೌಲಭ್ಯವಲ್ಲ. ಬೆಂಗಳೂರಿನ ಕೆರೆಗಳು ಸರ್ಕಾರಿ ಆಸ್ತಿಗಳು. ಹಲವು ಕೆರೆಗಳ ಉಸ್ತುವಾರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದ್ದಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಕೆರೆಗಳ ಸಂರಕ್ಷಣೆಗೆಂದೇ 2014ರ ಕಾಯ್ದೆಯೊಂದಿದೆ. ಕೆರೆಯ ಏರಿಯ ಮೇಲೆ ಗೇಟು ಹಾಕಿಸುವ, ದಂಡೆಯನ್ನು ಉದ್ಯಾನವಾಗಿ ಬಳಸುವ, ಹೊರಗಿನವರನ್ನು ತಡೆಯುವ ಅಧಿಕಾರ ಯಾವ ಸಂಘಕ್ಕೂ ಇಲ್ಲ.

ಈ ಸ್ಥಿತಿ ಎಲ್ಲ ದೇಶಗಳಲ್ಲೂ ಒಂದೇ ಬಗೆಯಲ್ಲಿಲ್ಲ. ಅಮೆರಿಕದಲ್ಲಿ ಬಡಾವಣೆಯೊಳಗಿನ ಕೃತಕ ಕೆರೆ, ಅದರ ಕಟ್ಟೆ ಮತ್ತು ದೋಣಿಕಟ್ಟೆಗಳ ಹೊಣೆಯನ್ನು ಮನೆ ಮಾಲೀಕರ ಸಂಘವೇ ಹೊತ್ತಿರುವ ನಿದರ್ಶನಗಳು ಸಾಕಷ್ಟಿವೆ. ವರ್ಜೀನಿಯಾ ರಾಜ್ಯದ ರೆಸ್ಟನ್ ಅವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಹೂಳೆತ್ತುವ ಖರ್ಚು ಸದಸ್ಯರ ವಂತಿಗೆಯಿಂದಲೇ ಬರಬೇಕು. ಬೆಂಗಳೂರಿನ ಕೆರೆಗಳಾದರೋ ಬೇಸಾಯಕ್ಕಾಗಿ ಊರವರು ಕಟ್ಟಿಸಿದವು. ಒಂದು ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುವಂತೆ ಅವುಗಳನ್ನು ಸರಪಳಿಯಾಗಿ ಜೋಡಿಸಲಾಗಿತ್ತು. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಎಂಬ ಊರಿನ ಆಳು ಇದ್ದನು. ಹಂಚಿಕೆಯ ನಿಯಮ, ಕೆಲಸದ ಸರದಿ, ತಪ್ಪಿದವರಿಗೆ ದಂಡ ಇವೆಲ್ಲವೂ ಆ ವ್ಯವಸ್ಥೆಯಲ್ಲಿದ್ದವು. ಅಚ್ಚುಕಟ್ಟು ಬಡಾವಣೆಯಾದ ಮೇಲೆ ನೀರುಗಂಟಿಯೂ ಇಲ್ಲವಾದನು, ಆದರೆ ನೀರು ಹರಿಯುವ ದಾರಿ ಬದಲಾಗಲಿಲ್ಲ.

ಕಾನೂನಿನ ಚೌಕಟ್ಟು

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಈ ವಿಷಯದ ಮೂಲ ಕಾನೂನು. ಇದರ ಪ್ರಕಾರ ಪ್ರತಿ ಮಾಲೀಕನಿಗೂ ತನ್ನ ಮನೆಯ ಜೊತೆಗೆ ಸಾಮಾನ್ಯ ಪ್ರದೇಶ ಮತ್ತು ಸೌಲಭ್ಯಗಳಲ್ಲಿ ಒಂದು ಅವಿಭಾಜ್ಯ ಪಾಲು ಇರುತ್ತದೆ. ಇಡೀ ಆಸ್ತಿಯ ಮೌಲ್ಯದಲ್ಲಿ ಆ ಮನೆಯ ಮೌಲ್ಯವೆಷ್ಟು ಎಂಬುದರ ಮೇಲೆ ಪಾಲು ನಿರ್ಧಾರವಾಗಿ, ಘೋಷಣಾ ಪತ್ರದಲ್ಲಿ ನಮೂದಾಗುತ್ತದೆ. ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸುವಂತಿಲ್ಲ. ಸಾಮಾನ್ಯ ಆಸ್ತಿಯನ್ನು ಪಾಲು ಮಾಡಿಕೊಡಿ ಎಂದು ಯಾರೂ ದಾವೆ ಹೂಡುವಂತಿಲ್ಲ.

ಇದೇ ಕಾಯ್ದೆಯ ಇನ್ನೊಂದು ವಿಧಿಯನ್ನು ಪ್ರತಿ ನಿವಾಸಿಯೂ ತಿಳಿದಿರುವುದು ಒಳ್ಳೆಯದು. ಸೌಲಭ್ಯವನ್ನು ಬಳಸುವುದಿಲ್ಲವೆಂಬ ಕಾರಣದಿಂದ ಅಥವಾ ಮನೆಯನ್ನು ಖಾಲಿ ಬಿಟ್ಟಿರುವ ಕಾರಣದಿಂದ ಸಾಮಾನ್ಯ ವೆಚ್ಚದ ಪಾಲನ್ನು ತಪ್ಪಿಸಿಕೊಳ್ಳಲಾಗದು. ನೆಲಮಹಡಿಯವರು ಲಿಫ್ಟಿನ ಖರ್ಚನ್ನೂ ಈಜು ಬಾರದವರು ಈಜುಕೊಳದ ಖರ್ಚನ್ನೂ ಕೊಡಬೇಕಾದುದು ಈ ಕಾರಣದಿಂದ. ಬಾಕಿ ಉಳಿದ ಮೊತ್ತವು ಆ ಮನೆಯ ಮೇಲೆ ಋಣಭಾರವಾಗಿ ನಿಲ್ಲುತ್ತದೆ. ಮನೆ ಮಾರಾಟವಾದರೆ ಹಿಂದಿನ ಬಾಕಿಗೆ ಕೊಂಡವರೂ ಜವಾಬ್ದಾರರಾಗಬಹುದು.

ಸಂಘವನ್ನು 1972ರ ಕಾಯ್ದೆಯಡಿ ರಚಿಸಬೇಕೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದೋ ಎಂಬ ವಿವಾದ ಹಳೆಯದು. ಅದು ಹಲವು ಬಾರಿ ಹೈಕೋರ್ಟಿನ ಮೆಟ್ಟಿಲೇರಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಂದ ಮೇಲೆ ನಿರ್ಮಾಣಗಾರನು ಸಾಮಾನ್ಯ ಪ್ರದೇಶಗಳ ಒಡೆತನವನ್ನು ಸಂಘಕ್ಕೆ ವರ್ಗಾಯಿಸಬೇಕೆಂಬುದು ಸ್ಪಷ್ಟವಾಗಿದೆ. ಮನೆ ಹಸ್ತಾಂತರವಾದ ಐದು ವರ್ಷಗಳೊಳಗೆ ಕಂಡುಬರುವ ರಚನೆಯ ದೋಷಗಳನ್ನು ಅವನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಹಸ್ತಾಂತರದ ಸಮಯದಲ್ಲಿ ಸಂಘಗಳು ಉದ್ಯಾನ, ಕ್ಲಬ್ ಹೌಸುಗಳನ್ನು ನೋಡಿ ಸಹಿ ಹಾಕುವುದುಂಟು. ಅವುಗಳಿಗಿಂತ ಮುಖ್ಯವಾದುವು ಪೈಪು ಮಾರ್ಗಗಳ ನಕ್ಷೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಮತ್ತು ಸಂಸ್ಕರಣಾ ಘಟಕದ ಪರೀಕ್ಷಾ ವರದಿಗಳು.

ಕೆರೆಯ ಸುತ್ತ ಕಟ್ಟಡ ನಿಷೇಧಿತ ಬಫರ್ ವಲಯವೂ ವಿವಾದದ ವಿಷಯ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಕೆರೆಗಳಿಗೆ 75 ಮೀಟರ್ ಬಫರ್ ನಿಗದಿಪಡಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ ನಗರ ಯೋಜನೆಯಲ್ಲಿದ್ದ 30 ಮೀಟರ್ ಅಂತರವೇ ಮತ್ತೆ ಜಾರಿಗೆ ಬಂತು.

ನಿರ್ವಹಣಾ ಶುಲ್ಕ

ಸಂಘಗಳ ಸಭೆಗಳಲ್ಲಿ ಹೆಚ್ಚು ಜಗಳವಾಗುವುದು ಶುಲ್ಕದ ಹಂಚಿಕೆಯ ಬಗ್ಗೆ. ಒಂದು ಉದಾಹರಣೆಯನ್ನು ನೋಡಬಹುದು. 200 ಮನೆಗಳ ಸಮುಚ್ಚಯದ ಒಟ್ಟು ವಿಸ್ತೀರ್ಣ 2,40,000 ಚದರಡಿ, ತಿಂಗಳ ಸಾಮಾನ್ಯ ವೆಚ್ಚ ₹9,60,000 ಎಂದಿಟ್ಟುಕೊಂಡರೆ ಚದರಡಿಗೆ ₹4 ಬೀಳುತ್ತದೆ. 900 ಚದರಡಿಯ ಮನೆಗೆ ₹3,600, 1,500 ಚದರಡಿಯ ಮನೆಗೆ ₹6,000. ಎಲ್ಲರಿಗೂ ಸಮನಾಗಿ ಹಂಚಿದರೆ ಪ್ರತಿ ಮನೆಗೆ ₹4,800. ಕಾವಲುಗಾರನ ಸೇವೆ ಎಲ್ಲರಿಗೂ ಒಂದೇ ಎಂದು ದೊಡ್ಡ ಮನೆಯವರು ವಾದಿಸುತ್ತಾರೆ. ಆಸ್ತಿಯ ಪಾಲು ಹೆಚ್ಚಿರುವವರು ಹೆಚ್ಚು ಕೊಡಲಿ ಎಂಬುದು ಸಣ್ಣ ಮನೆಯವರ ಮಾತು. 1972ರ ಕಾಯ್ದೆಯು ಪಾಲಿನ ಪ್ರಮಾಣದಂತೆ ಹಂಚಬೇಕೆನ್ನುತ್ತದೆ. ತಿಂಗಳ ಶುಲ್ಕ ಸದಸ್ಯರೊಬ್ಬರಿಗೆ ₹7,500 ದಾಟಿದರೆ ಜಿಎಸ್‌ಟಿಯ ಪ್ರಶ್ನೆಯೂ ಏಳುತ್ತದೆ.

ತಿಂಗಳ ಖರ್ಚಿಗೆ ಮಾತ್ರ ಸಾಲುವಷ್ಟು ಶುಲ್ಕ ಎತ್ತುವ ಸಂಘಗಳು ಹತ್ತು ಹದಿನೈದು ವರ್ಷಗಳ ಬಳಿಕ ತೊಂದರೆಗೆ ಸಿಲುಕುತ್ತವೆ. ಲಿಫ್ಟ್, ಪಂಪು, ಬ್ಲೋವರುಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹಳೆಯದಾಗುತ್ತವೆ. ಇದಕ್ಕಾಗಿ ಪ್ರತ್ಯೇಕವಾಗಿ ಕೂಡಿಡುವ ಹಣವನ್ನು ಸಿಂಕಿಂಗ್ ಫಂಡ್ ಎನ್ನುತ್ತಾರೆ. ಶುಲ್ಕ ಏರಿಸುವುದಿಲ್ಲವೆಂಬ ಭರವಸೆಯ ಮೇಲೆ ಚುನಾಯಿತವಾದ ಸಮಿತಿಯು ಮೊದಲು ಕೈಹಾಕುವುದು ಈ ನಿಧಿಗೆ. ಆಮೇಲೆ ಯಾರ ಕಣ್ಣಿಗೂ ಬೀಳದ ಸಂಸ್ಕರಣಾ ಘಟಕದ ಖರ್ಚಿಗೆ.

ಕೊಳಚೆ ನೀರಿನ ಸಂಸ್ಕರಣೆ

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಬಹುಕಾಲ ಒಳಚರಂಡಿ ಇರಲಿಲ್ಲ. ಅಂತಹ ಕಡೆ ದೊಡ್ಡ ಸಮುಚ್ಚಯಗಳು ತಮ್ಮ ಕೊಳಚೆಯನ್ನು ತಾವೇ ಸಂಸ್ಕರಿಸಿ ಬಳಸಬೇಕಿತ್ತು. ಇದಕ್ಕೆ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು.

ಘಟಕದ ಕೆಲಸ ಸರಳವಾಗಿ ಹೀಗಿದೆ. ಮನೆಗಳಿಂದ ಬಂದ ನೀರು ಜಾಲರಿಯನ್ನು ದಾಟಿ ಸಂಗ್ರಹ ತೊಟ್ಟಿ ಸೇರುತ್ತದೆ. ಅಲ್ಲಿಂದ ಗಾಳಿ ಊದುವ ತೊಟ್ಟಿಗೆ ಹೋದಾಗ ಬ್ಯಾಕ್ಟೀರಿಯಾಗಳು ಕಶ್ಮಲವನ್ನು ತಿಂದು ಅರಗಿಸುತ್ತವೆ. ಬಳಿಕ ತಿಳಿಯಾದ ನೀರನ್ನು ಮರಳು ಮತ್ತು ಇದ್ದಿಲಿನಲ್ಲಿ ಸೋಸಿ, ಕ್ಲೋರಿನ್ ಮುಂತಾದವುಗಳಿಂದ ಶುದ್ಧಗೊಳಿಸುತ್ತಾರೆ. ತಳದಲ್ಲಿ ಉಳಿದ ಕೆಸರನ್ನು ಹಿಂಡಿ ತೆಗೆಯುತ್ತಾರೆ. ಗಾಳಿ ಊದುವ ಬ್ಲೋವರಿಗೆ ಸಾಕಷ್ಟು ವಿದ್ಯುತ್ ಬೇಕಾಗುತ್ತದೆ. ಬಿಲ್ಲು ಉಳಿಸಲೆಂದು ಅದನ್ನು ರಾತ್ರಿಯಿಡೀ ನಿಲ್ಲಿಸಿದರೆ ಉಸಿರಾಡಲು ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಮತ್ತೆ ಬೆಳೆಯಲು ದಿನಗಳು ಬೇಕು. ಅಷ್ಟು ದಿನ ಘಟಕದಿಂದ ಹೊರಬರುವುದು ಹೆಸರಿಗೆ ಮಾತ್ರ ಸಂಸ್ಕರಿತ ನೀರು.

ಸಂಸ್ಕರಣೆ ಚೆನ್ನಾಗಿ ನಡೆದರೂ ಒಂದು ಲೆಕ್ಕ ಕಾಡುತ್ತದೆ. ಮೇಲಿನ 200 ಮನೆಗಳಲ್ಲಿ 800 ಜನರಿದ್ದು, ತಲೆಗೆ ದಿನಕ್ಕೆ 135 ಲೀಟರ್ ಬಳಸಿದರೆ ಒಟ್ಟು 1,08,000 ಲೀಟರ್. ಇದರಲ್ಲಿ ಶೇ. 80ರಷ್ಟು, ಅಂದರೆ 86,400 ಲೀಟರ್, ಕೊಳಚೆಯಾಗಿ ಮರಳುತ್ತದೆ. ಶೌಚಾಲಯದ ಫ್ಲಷ್‌ಗೆ ತಲೆಗೆ 45 ಲೀಟರಿನಂತೆ 36,000 ಲೀಟರ್ ಮರುಬಳಕೆಯಾದರೆ 50,400 ಲೀಟರ್ ಉಳಿಯುತ್ತದೆ. ಬೇಸಿಗೆಯಲ್ಲಿ ಉದ್ಯಾನ ಸ್ವಲ್ಪ ಕುಡಿಯುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಒಂದು ಹನಿಯೂ ಹೊರಗೆ ಹೋಗಬಾರದೆಂಬ ಷರತ್ತು ಕಾಗದದ ಮೇಲಿದ್ದರೂ ನೀರು ಎಲ್ಲಿಗಾದರೂ ಹೋಗಲೇಬೇಕು. ಅದು ಹೋಗುವುದು ಮಳೆನೀರಿನ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ. 2024ರ ಬೇಸಿಗೆಯ ನೀರಿನ ಬರದ ಸಮಯದಲ್ಲಿ ರಾಜ್ಯ ಸರ್ಕಾರವು ಹೆಚ್ಚುವರಿ ಸಂಸ್ಕರಿತ ನೀರಿನ ಒಂದು ಭಾಗವನ್ನು ಮಾರಲು ಸಮುಚ್ಚಯಗಳಿಗೆ ಅನುಮತಿ ನೀಡಿತು. ಕಟ್ಟಡ ಕಾಮಗಾರಿ, ರಸ್ತೆ ಬದಿಯ ಗಿಡಗಳು ಇಂತಹ ನೀರಿಗೆ ಸಹಜ ಗಿರಾಕಿಗಳು.

ಸರಿಯಾಗಿ ಸಂಸ್ಕರಿಸದ ನೀರಿನ ಸಾರಜನಕ ಮತ್ತು ರಂಜಕದಿಂದ ಕೆರೆಯಲ್ಲಿ ಪಾಚಿ ಹಾಗೂ ಅಂತರಗಂಗೆ ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ತೇಲಿದ್ದವು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಸುದ್ದಿಯಾಯಿತು. 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಕೆರೆಯಂಗಳದಲ್ಲಿ ಬೆಂಕಿಯೂ ಕಾಣಿಸಿತು. ನಗರದ ದೊಡ್ಡ ಭಾಗದ ಕೊಳಚೆ ಆ ಕೆರೆಗೆ ಹರಿದು ಬರುತ್ತಿದ್ದುದರಿಂದ ಎಲ್ಲ ಹೊಣೆಯನ್ನೂ ದಂಡೆಯ ಸಮುಚ್ಚಯಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದಂಡೆಯವರ ಪಾಲು ಮಾತ್ರ ಅವರದೇ ಸಭೆಯ ನಿರ್ಣಯದಿಂದ ಕಡಿಮೆಯಾಗಬಲ್ಲದು.

ಘಟಕವನ್ನು ಶುಚಿಗೊಳಿಸುವವರ ಜೀವದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. ಮುಚ್ಚಿದ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸೇರಿಕೊಂಡಿರುತ್ತದೆ. ಆರಂಭದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ, ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಇಲ್ಲವೆಂದು ನಂಬಿ ಇಳಿದವನು ಮೇಲೆ ಬರುವುದಿಲ್ಲ. ಮೊದಲನೆಯವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುವುದು ಇಂತಹ ದುರಂತಗಳಲ್ಲಿ ಸಾಮಾನ್ಯ. ಬೆಂಗಳೂರಿನ ಸಮುಚ್ಚಯಗಳಲ್ಲೂ ಕಾರ್ಮಿಕರು ಹೀಗೆ ಸತ್ತಿದ್ದಾರೆ. ಸುರಕ್ಷಾ ಸಾಧನಗಳಿಲ್ಲದೆ ಚರಂಡಿ, ಮಲಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದೇವೆ ಎಂಬ ಉತ್ತರವು ಸಂಘದ ಪದಾಧಿಕಾರಿಗಳನ್ನು ಹೊಣೆಯಿಂದ ಪಾರುಮಾಡುವುದಿಲ್ಲ.

ಇತರ ಸೌಲಭ್ಯಗಳು

ಕೆರೆದಂಡೆಯಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ನೆಲಮಾಳಿಗೆಗೆ ನೀರು ಜಿನುಗುತ್ತದೆ. ಅದನ್ನು ಎತ್ತುವ ಪಂಪು ಸದಾ ಸಿದ್ಧವಿರಬೇಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಸರ್ಜಾಪುರ ರಸ್ತೆ ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿ ನಿವಾಸಿಗಳನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ವಿದ್ಯುತ್ ಫಲಕ ಮತ್ತು ಜನರೇಟರುಗಳನ್ನು ನೆಲಮಾಳಿಗೆಯಲ್ಲಿಟ್ಟವರಿಗೆ ಇಂತಹ ಸಮಯದಲ್ಲಿ ದೀಪವೂ ಇರುವುದಿಲ್ಲ, ಕುಡಿಯುವ ನೀರೂ ಏರುವುದಿಲ್ಲ.

ಈಜುಕೊಳವು ಬೇಸಿಗೆಯ ವಿವಾದ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ ₹5,000 ದಂಡ ಗೊತ್ತುಪಡಿಸಿತ್ತು. ವಾಹನ ನಿಲುಗಡೆಯ ವಿಚಾರದಲ್ಲಿ, ಕಂಬಗಳ ನಡುವಿನ ತೆರೆದ ಜಾಗವನ್ನು ನಿರ್ಮಾಣಗಾರನು ಪ್ರತ್ಯೇಕವಾಗಿ ಮಾರುವಂತಿಲ್ಲವೆಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿದೆ.

ಕೆರೆ ಸಮಿತಿಗಳು

ಒಡೆತನವಿಲ್ಲದೆಯೂ ಕೆರೆಯ ಆರೈಕೆಯಲ್ಲಿ ನಿವಾಸಿಗಳು ಪಾಲ್ಗೊಂಡ ಉದಾಹರಣೆಗಳು ಬೆಂಗಳೂರಿನಲ್ಲಿವೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯ ಪುನಶ್ಚೇತನದಲ್ಲಿ ಸುತ್ತಲಿನ ನಿವಾಸಿಗಳು ಪಾಲಿಕೆಯೊಂದಿಗೆ ಕೆಲಸ ಮಾಡಿದರು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು (ಯಲಹಂಕದ ಬಳಿ ಇದೇ ಹೆಸರಿನ ಇನ್ನೊಂದು ಕೆರೆಯಿದೆ) ನೆರೆಹೊರೆಯವರು ಕಟ್ಟಿಕೊಂಡ ಟ್ರಸ್ಟ್ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳತೊಡಗಿತು. ಸುತ್ತಲಿನ ಕಟ್ಟಡಗಳಿಂದಾಗಿ ಮಳೆನೀರಿನ ಹರಿವು ಕುಗ್ಗಿದ್ದ ಆ ಕೆರೆಗೆ ಪಕ್ಕದ ದೊಡ್ಡ ಸಮುಚ್ಚಯವೊಂದರ ಸಂಸ್ಕರಣಾ ಘಟಕದ ನೀರನ್ನು ಹರಿಸುವ ಏರ್ಪಾಡು ಮಾಡಲಾಯಿತು. ಹಾಗಾಗಿ ಅಲ್ಲಿ ಬೇಸಿಗೆಯಲ್ಲಿ ಕೆರೆಯ ಮಟ್ಟ ಮತ್ತು ನೀರಿನ ಗುಣ ಆ ಸಮುಚ್ಚಯದ ಘಟಕ ಹೇಗೆ ನಡೆಯುತ್ತಿದೆ ಎಂಬುದನ್ನೂ ಅವಲಂಬಿಸಿರುತ್ತವೆ.