ಬಾಲರ ಅದ್ಭುತಕಥೆ, ರಹಸ್ಯಕಥೆಗಳ ಗುಣದೋಷವಿಚಾರ

ಎಳೆಯ ವಾಚಕರಿಗಾಗಿ ಹುಟ್ಟಿದ ಗದ್ಯಕಥೆಗಳಲ್ಲಿ ಎರಡು ಬಗೆಯವು ವಿದ್ವಾಂಸರ ಅನಾದರಕ್ಕೆ ವಿಶೇಷವಾಗಿ ಪಾತ್ರವಾಗಿವೆ. ಮಂತ್ರ, ಮಾಯೆ, ಮಾತನಾಡುವ ಮೃಗಗಳುಳ್ಳ ಅದ್ಭುತ ಕಾದಂಬರಿಯು ಒಂದು; ಕಳವು, ಕೊಲೆ, ಗುಟ್ಟುಗಳನ್ನು ಶೋಧಿಸುವ ಪತ್ತೇದಾರಿ ಕಾದಂಬರಿಯು ಇನ್ನೊಂದು. ಮೊದಲನೆಯದು ಸುಳ್ಳನ್ನು ಕಲಿಸುವುದೆಂದೂ, ಎರಡನೆಯದು ಬರಿಯ ಕುತೂಹಲವನ್ನು ಕೆರಳಿಸುವುದೆಂದೂ ಆಕ್ಷೇಪ. ಸಮರ್ಥಿಸುವವರಾದರೂ, ಕೊನೆಯಲ್ಲಿ ಸಜ್ಜನರಿಗೆ ಜಯವಾಗುವುದರಿಂದ ನೀತಿಬೋಧೆಯುಂಟೆಂದು ಹೇಳಿ ಸುಮ್ಮನಾಗುವರು. ಶಾಲೆಯ ಪುಸ್ತಕಭಂಡಾರಕ್ಕೆ ಯಾವ ಗ್ರಂಥವು ಬರಬೇಕೆಂಬುದು ಅನೇಕ ವೇಳೆ ಉಪಾಧ್ಯಾಯರ ಒಂದು ಮಾತಿನಿಂದಲೇ ನಿರ್ಣಯವಾಗುವುದಷ್ಟೆ. ಅಳತೆಗೋಲೇ ತಪ್ಪಾದಲ್ಲಿ ಒಳ್ಳೆಯ ಗ್ರಂಥವು ಹೊರಗುಳಿದು, ನೀತಿವಾಕ್ಯವನ್ನು ಬಾಲದಂತೆ ಅಂಟಿಸಿಕೊಂಡ ಜಳ್ಳು ಒಳಹೊಗುವುದು. ಅದನ್ನು ಓದಬೇಕಾಗಿದ್ದ ವಯಸ್ಸೋ ಮತ್ತೆ ಬಾರದು. ಆದಕಾರಣ ಈ ಕಥೆಗಳನ್ನು ಯಾವುದರಿಂದ ಅಳೆಯಬೇಕೆಂಬುದು ವಿಚಾರಾರ್ಹವಾಗಿದೆ.

ಅಸಂಭವವೇ ದೋಷವೆಂಬುದು ಅಲಂಕಾರಶಾಸ್ತ್ರಕ್ಕೆ ಸಮ್ಮತವಲ್ಲ. ವಿಸ್ಮಯವು ಸ್ಥಾಯಿಯಾಗಿರುವ ಅದ್ಭುತವನ್ನು ಭರತನು ಎಂಟು ರಸಗಳಲ್ಲಿ ಎಣಿಸಿದ್ದಾನೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಇದನ್ನು ಸೂಕ್ಷ್ಮವಾಗಿ ವಿವೇಚಿಸಿರುವನು. ಕೇವಲ ಮನುಷ್ಯನಾದ ಅರಸನು ಏಳು ಕಡಲುಗಳನ್ನು ಲಂಘಿಸಿದನೆಂದು ಹೇಳಿದರೆ, ವರ್ಣನೆ ಎಷ್ಟು ಸೊಗಸಾಗಿದ್ದರೂ ಅದು ನೀರಸವೇ ಎಂಬುದು ಅವನ ಮತ. ಹನುಮಂತನು ಕಡಲನ್ನು ಹಾರಿದುದಕ್ಕೆ ಯಾವ ಸಹೃದಯನೂ ಹುಬ್ಬುಗಂಟಿಕ್ಕಿಲ್ಲ. ಕಡಲನ್ನು ಹಾರಿದ್ದು ದೋಷವಲ್ಲ, ಹಾರಿದವನ ಪ್ರಕೃತಿಗೆ ಅದು ಒಪ್ಪದಿರುವುದೇ ದೋಷ. ಅನೌಚಿತ್ಯವನ್ನು ಬಿಟ್ಟು ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಅವನು ಅಲ್ಲಿಯೇ ನಿರ್ಣಯಿಸಿದನು. ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯಕ್ಕೆಂದೇ ಒಂದು ಗ್ರಂಥವನ್ನು ಬರೆದನು. ಹಾಗಾದರೆ ಅದ್ಭುತಕಥೆಯನ್ನು ಕೇಳತಕ್ಕ ಪ್ರಶ್ನೆಯು “ಇದು ನಡೆಯಬಲ್ಲುದೇ?” ಎಂಬುದಲ್ಲ, “ಈ ಲೋಕಕ್ಕೆ ಕವಿಯು ವಿಧಿಸಿದ ಕಟ್ಟಳೆ ಯಾವುದು, ಅದನ್ನು ತಾನೇ ಪಾಲಿಸಿದನೇ?” ಎಂಬುದು.

ಅಮೆರಿಕದ ಉರ್ಸುಲಾ ಲೆಗ್ವಿನ್ ಎಂಬಾಕೆಯು 1968ರಲ್ಲಿ ಪ್ರಕಟಿಸಿದ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಇದಕ್ಕೆ ಉತ್ತಮವಾದ ಲಕ್ಷ್ಯ. ದ್ವೀಪಗಳಿಂದಲೇ ಆದ ಆ ಲೋಕದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವುಂಟು; ಅದನ್ನು ಬಲ್ಲವನಿಗೆ ಆ ವಸ್ತುವು ವಶವಾಗುವುದು. ಹದಿಮೂರು ವರ್ಷದ ಹುಡುಗನಿಗೆ ಗುರುವು ‘ಗೆಡ್’ ಎಂಬ ನಿಜನಾಮವನ್ನು ಕೊಡುವುದು ಕಥೆಯ ಮೊದಲಿನಲ್ಲಿಯೇ ನಡೆಯುತ್ತದೆ. (ಉಪನಯನದಲ್ಲಿ ಕಿವಿಯೊಳಗೆ ಮಂತ್ರವನ್ನು ಉಪದೇಶಿಸುವುದನ್ನು ಕಂಡವರಿಗೆ ಈ ಸಂದರ್ಭವು ಅಪರಿಚಿತವೆನಿಸದು.) ಮಂತ್ರದಿಂದ ಒಂದು ವಸ್ತುವನ್ನು ಮಾರ್ಪಡಿಸಿದರೆ ಲೋಕದ ಸಮತೂಕವೇ ಕದಲುವುದೆಂದು ವಿದ್ಯಾಶಾಲೆಯ ಗುರುಗಳು ಎಚ್ಚರಿಸುವರು. ಗೆಡ್ ದರ್ಪದಿಂದ ಆ ಕಟ್ಟಳೆಯನ್ನು ಮೀರಿ ಒಂದು ಛಾಯೆಯನ್ನು ಲೋಕಕ್ಕೆ ಬಿಟ್ಟುಬಿಡುವನು. ಅದು ಬಂದ ಬಿರುಕನ್ನು ಮುಚ್ಚುವುದಕ್ಕೆ ಹಿರಿಯ ಗುರುವಿನ ಪ್ರಾಣವೇ ವ್ಯಯವಾಗುತ್ತದೆ; ಹುಡುಗನ ಮುಖದ ಮೇಲೆ ಕಲೆ ಉಳಿಯುತ್ತದೆ. ಕಡೆಯಲ್ಲಿ ಅವನು ಆ ಛಾಯೆಯನ್ನು ಎದುರಿಸಿ ತನ್ನ ಹೆಸರಿನಿಂದಲೇ ಅದನ್ನು ಕರೆಯುವನು. ವಾಚಕನಿಗೆ ವಿಸ್ಮಯವಾಗುವುದು ನಿಜ. ಆದರೆ ಕಟ್ಟಳೆಗಳೆಲ್ಲವೂ ಅವನಿಗೆ ಮೊದಲೇ ತಿಳಿದಿದ್ದವು. ದರ್ಪವು ಕೆಟ್ಟದ್ದೆಂದು ಇಲ್ಲಿ ಯಾರೂ ಉಪದೇಶಿಸಬೇಕಾಗಿಲ್ಲ. ಕಥೆಯ ಕಟ್ಟಳೆಯೇ ಆ ಕೆಲಸವನ್ನು ಮಾಡಿದೆ.

ರಹಸ್ಯಕಥೆಗೂ ನಾಟ್ಯಶಾಸ್ತ್ರದಲ್ಲಿಯೇ ಅಳತೆಯು ದೊರೆಯುವುದು. ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಿರ್ವಹಣಸಂಧಿಯಲ್ಲಿ ಫಲವಾಗಿ ಕೂಡಿಬರಬೇಕು. ಆ ನಿರ್ವಹಣದಲ್ಲಿ ಅದ್ಭುತರಸವು ಇರತಕ್ಕದ್ದೆಂದು ಭರತನ ವಿಧಿ. ವಿಶಾಖದತ್ತನ ಮುದ್ರಾರಾಕ್ಷಸವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವಾಗಿ ಕನ್ನಡಿಗರಿಗೆ ಕೊಟ್ಟುದು ಸರ್ವವಿದಿತ. ಮೊದಲನೆಯ ಅಂಕದಲ್ಲಿ ಚಾಣಕ್ಯನ ಕೈಸೇರಿದ ಮುದ್ರೆಯುಂಗುರವು ಐದನೆಯ ಅಂಕದಲ್ಲಿ ರಾಕ್ಷಸನನ್ನು ಅವನ ಮಿತ್ರನಿಂದ ಬೇರ್ಪಡಿಸುತ್ತದೆ.

ಜರ್ಮನಿಯ ಏರಿಕ್ ಕೆಸ್ಟ್ನರನು 1929ರಲ್ಲಿ ಬರೆದ ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಬಾಲಕಾದಂಬರಿಯಲ್ಲಿ ಈ ಉಂಗುರದ ಸ್ಥಾನದಲ್ಲಿರುವುದು ಒಂದು ಗುಂಡುಸೂಜಿ. ಬರ್ಲಿನ್ನಿನಲ್ಲಿರುವ ಅಜ್ಜಿಯ ಬಳಿಗೆ ಹೊರಟ ಹುಡುಗನಿಗೆ ತಾಯಿಯು ದುಡಿದು ಕೂಡಿಟ್ಟ 140 ಮಾರ್ಕುಗಳನ್ನು ಕೊಟ್ಟು ಕಳುಹಿಸುವಳು. ಅವನು ಆ ನೋಟುಗಳನ್ನು ಅಂಗಿಯ ಒಳಮೈಗೆ ಸೂಜಿಯಿಂದ ಚುಚ್ಚಿಕೊಳ್ಳುವನು. ರೈಲಿನಲ್ಲಿ ನಿದ್ದೆ ಹೋದಾಗ ಹಣವು ಕಳವಾಗುವುದು. ಕಳ್ಳನು ಯಾರೆಂಬುದು ವಾಚಕನಿಗೆ ಬೇಗನೆ ತಿಳಿಯುತ್ತದೆ. ರುಜುವಾತು ಹೇಗೆಂಬುದೇ ಇಲ್ಲಿಯ ರಹಸ್ಯ. ಬ್ಯಾಂಕಿನಲ್ಲಿ ನೋಟುಗಳ ಮೇಲೆ ಸೂಜಿಯ ತೂತುಗಳು ಕಂಡಾಗ ಹುಡುಗನ ಮಾತು ನಿಲ್ಲುವುದು. ಲೇಖಕನು ಏನನ್ನೂ ಬಚ್ಚಿಟ್ಟಿರಲಿಲ್ಲ. ಸೂಜಿಯು ಮೊದಲಿನಿಂದಲೂ ಕಣ್ಣೆದುರಿಗೇ ಇದ್ದಿತು.

ಅದ್ಭುತವೂ ರಹಸ್ಯವೂ ಒಂದೇ ಗ್ರಂಥದಲ್ಲಿ ಕೂಡಿದರೆ ಹೇಗೆಂಬುದು ಕಠಿನವಾದ ಪ್ರಶ್ನೆ. ರೊನಾಲ್ಡ್ ನಾಕ್ಸ್ ಎಂಬ ಆಂಗ್ಲ ಪಾದ್ರಿಯು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ವಿಧಿಗಳನ್ನು ಗೊತ್ತುಮಾಡಿ, ಅತಿಮಾನುಷವಾದುದೆಲ್ಲವನ್ನೂ ನಿಷೇಧಿಸಿದನು. ಪಾದ್ರಿಯೇ ಈ ನಿಷೇಧವನ್ನು ಮಾಡಿದ್ದು ಸೋಜಿಗ. ಮಾಟಗಾರನ ಮಂತ್ರದಿಂದ ಕೊಲೆಯಾಯಿತೆಂದು ಕೊನೆಯಲ್ಲಿ ಹೇಳಿದರೆ ಓದುಗನ ಬುದ್ಧಿಗೆ ಅವಮಾನವಾಗುವುದು ನಿಜ. ಆದರೆ ಈ ವಿಧಿಯು ಅತಿವ್ಯಾಪ್ತಿದೋಷಕ್ಕೆ ಗುರಿಯಾಗಿದೆ. ಮೊದಲೇ ಹೇಳದ ಅತಿಮಾನುಷವೇ ನಿಷೇಧಕ್ಕೆ ಅರ್ಹ.

ಜೆ. ಕೆ. ರೌಲಿಂಗರು 1999ರಲ್ಲಿ ಪ್ರಕಟಿಸಿದ, ಹ್ಯಾರಿ ಪಾಟರನ ಕಥೆಯ ಮೂರನೆಯ ಸಂಪುಟವಾದ ‘ಅಜ್ಕಬಾನಿನ ಸೆರೆಯಾಳು’ ಇದನ್ನು ಸ್ಪಷ್ಟಪಡಿಸುತ್ತದೆ. ಹನ್ನೆರಡು ವರ್ಷಗಳ ಹಿಂದೆ ಕೊಲೆಯಾದನೆಂದು ಎಲ್ಲರೂ ನಂಬಿದ್ದವನು, ಹ್ಯಾರಿಯ ಗೆಳೆಯನು ಸಾಕಿದ ಇಲಿಯ ರೂಪದಲ್ಲಿ ಅಡಗಿದ್ದನೆಂಬುದು ಅಲ್ಲಿಯ ಗುಟ್ಟು. ಮನುಷ್ಯನು ಮೃಗರೂಪವನ್ನು ತಾಳಬಲ್ಲನೆಂಬುದು 1997ರ ಮೊದಲನೆಯ ಸಂಪುಟದ ಮೊದಲನೆಯ ಅಧ್ಯಾಯದಲ್ಲಿಯೇ ಉಂಟು. ಅಲ್ಲಿ ಬೆಕ್ಕೊಂದು ಅಧ್ಯಾಪಿಕೆಯಾಗುವುದು. ಇಂಥ ಇಲಿಗಳು ಮೂರು ವರ್ಷಗಳಿಗಿಂತ ಹೆಚ್ಚು ಬಾಳುವುದು ಅಪರೂಪವೆಂದು ಮೂರನೆಯ ಸಂಪುಟದ ಅಂಗಡಿಯವಳು ಹೇಳುವಳು. ಮುಂಗಾಲಿನ ಒಂದು ಬೆರಳು ಇಲ್ಲದಿರುವುದನ್ನೂ ಅವಳು ಗಮನಿಸುವಳು. ಸತ್ತವನ ದೇಹದಲ್ಲಿ ಸಿಕ್ಕಿದ ದೊಡ್ಡ ಭಾಗವು ಒಂದು ಬೆರಳೇ ಎಂಬ ಮಾತು ಬೇರೊಂದೆಡೆ ಬರುತ್ತದೆ. ನಾಕ್ಸನ ವಿಧಿಯ ಅಕ್ಷರವನ್ನು ಮೀರಿದರೂ ಅದರ ಆಶಯವು ಇಲ್ಲಿ ಪೂರ್ಣವಾಗಿ ಸಂದಿದೆ.

ಆದರೆ ಅದೇ ಗ್ರಂಥದಲ್ಲಿ ದೋಷವೂ ಇಲ್ಲದಿಲ್ಲ. ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರವೊಂದರಿಂದ ಇಬ್ಬರ ಪ್ರಾಣವು ಉಳಿಯುವುದಾಗಿ ಕಥೆ. ಬೀಜವನ್ನು ಮೊದಲೇ ಬಿತ್ತಿದೆಯಾದರೂ, ಇಂಥ ಯಂತ್ರವಿರುವ ಲೋಕದಲ್ಲಿ ಉಳಿದ ಅನರ್ಥಗಳನ್ನು ಏತಕ್ಕೆ ತಪ್ಪಿಸಲಿಲ್ಲವೆಂದು ಹತ್ತು ವರ್ಷದ ಹುಡುಗಿಯೂ ಕೇಳಬಲ್ಲಳು. 2003ರ ಐದನೆಯ ಸಂಪುಟದ ಹೋರಾಟದಲ್ಲಿ ಆ ಯಂತ್ರಗಳ ಸಂಗ್ರಹವು ಒಡೆದುಹೋಗುವುದು. ಅದನ್ನು ಪರಿಹಾರವೆನ್ನುವುದಕ್ಕಿಂತ ದೋಷದ ಅಂಗೀಕಾರವೆನ್ನುವುದೇ ಯುಕ್ತ.

ತರಗತಿಯಲ್ಲಿ ಈ ಪರೀಕ್ಷೆಯನ್ನು ನಡೆಸುವುದು ಕಷ್ಟವಲ್ಲ. ಗುಟ್ಟು ಗೊತ್ತಾದ ಬಳಿಕ ಗ್ರಂಥವನ್ನು ಮೊದಲಿನಿಂದ ಮತ್ತೊಮ್ಮೆ ಓದಿಸಿ, ಬೀಜವು ಎಲ್ಲೆಲ್ಲಿ ಬಿದ್ದಿದೆಯೆಂದು ಗುರುತಿಸಹೇಳಬಹುದು. ಕುತೂಹಲವೊಂದನ್ನೇ ನೆಚ್ಚಿದ ಗ್ರಂಥದಲ್ಲಿ ಎರಡನೆಯ ಓದಿಗೆ ಏನೂ ಉಳಿದಿರುವುದಿಲ್ಲ. ಇಲಿಯ ಅಂಗಡಿಯ ಪ್ರಕರಣವನ್ನಾದರೋ ಮೊದಲ ಸಲ ನಕ್ಕು ದಾಟಿಹೋದ ಬಾಲಕಿಯು ಎರಡನೆಯ ಸಲ ಅಂಗಡಿಯವಳ ಪ್ರಶ್ನೆಯ ಬಳಿಯಲ್ಲಿ ತಡೆದು ನಿಲ್ಲುವಳು. ಬೆರಳಿನ ಮಾತು ಮುಂದೆ ಎಲ್ಲಿ ಬಂದಿತ್ತೆಂದು ತಾನಾಗಿಯೇ ಹಾಳೆಗಳನ್ನು ತಿರುವಿ ಹುಡುಕುವಳು.