ಜಾರುವ ನೆಲ, ಉರುಳುವ ಗಾಲಿ

ಮಳೆಗಾಲ ಬಂದಿತೆಂದರೆ ಪುಣೆ, ಮುಂಬಯಿಗಳ ಜನರು ಲೋಣಾವಳೆಯತ್ತ ಮುಖ ಮಾಡುವರು. ಸಹ್ಯಾದ್ರಿಯ ನೆತ್ತಿಯಲ್ಲಿರುವ ಆ ಊರಿನ ಕಪ್ಪು ಬಂಡೆಗಳ ಮೇಲೆಲ್ಲ ಆಗ ನೀರು ಇಳಿಯುತ್ತಿರುವುದು. ಭೂಶೀ ಅಣೆಕಟ್ಟಿನ ಮೆಟ್ಟಿಲುಗಳೇ ಕಿರುಜಲಪಾತಗಳಾಗುವುವು. ಆದರೆ ಈ ಚೆಲುವಿನಲ್ಲಿಯೇ ಅಪಾಯವೂ ಅಡಗಿದೆ. 2024ರ ಜೂನ್ 30ರಂದು ಆ ಅಣೆಕಟ್ಟಿನ ಬಳಿಯ ಜಲಪಾತವೊಂದರಲ್ಲಿ ನೀರು ಏಕಾಏಕಿ ಏರಿ, ನಡುವೆ ಸಿಲುಕಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋಗಿ ಅಸುನೀಗಿದರು. ನೆಲವು ನಮ್ಮನ್ನು ಹಿಡಿದು ನಿಲ್ಲಿಸುವುದು ಹೇಗೆ, ಕೈಬಿಡುವುದು ಯಾವಾಗ ಎಂಬುದನ್ನು ನಾವು ಅರಿತಿರುವುದು ಲೇಸು.

ಎರಡು ವಸ್ತುಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲಕ್ಕೆ ಘರ್ಷಣೆಯೆಂದು ಹೆಸರು. ನಾವು ನಡೆಯುವುದೂ, ತಿರುಗುವುದೂ, ನಿಲ್ಲುವುದೂ ಇದರ ಕೃಪೆಯಿಂದಲೇ. ನೀರು, ಎಣ್ಣೆ, ಪಾಚಿಗಳು ನಡುವೆ ಸೇರಿದರೆ ಈ ಹಿಡಿತ ಸಡಿಲವಾಗುವುದು.

ಲೋಣಾವಳೆಗೆ ಏರಿ ಬರುವ ರೈಲೇ ಇದಕ್ಕೆ ಒಳ್ಳೆಯ ನಿದರ್ಶನ. 1863ರಲ್ಲಿ ತೆರೆದ ಬೋರಘಾಟದ ಮಾರ್ಗವು ಕಡಿದಾದೆಡೆಗಳಲ್ಲಿ 37 ಅಡಿಗೆ 1 ಅಡಿಯಂತೆ ಏರುವುದು. ಹಳಿ ಒದ್ದೆಯಾದರೆ ಎಂಜಿನ್ನಿನ ಗಾಲಿಗಳು ಮುಂದೆ ಸಾಗದೆ ಸುಮ್ಮನೆ ಸುತ್ತತೊಡಗುವುದುಂಟು. ಅದಕ್ಕಾಗಿಯೇ ಎಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆಯಿರುವುದು. ಗಾಲಿಯ ಮುಂದೆ ಸುರಿದ ಒಣಮರಳು ಆ ಮಹಾಭಾರಕ್ಕೆ ನುಚ್ಚುನೂರಾಗಿ ಹಳಿಯನ್ನು ಕಚ್ಚಿ ಹಿಡಿಯುವುದು.

ನಗರದ ಬಾಲಕರಿಗೆ ಪ್ರಿಯವಾದ ಸ್ಕೇಟ್‌ಬೋರ್ಡಿಗೆ ಈ ಉಪಾಯ ಒದಗದು. ಅದರ ಗಾಲಿಗಳು ಚಿಕ್ಕವು, ಹೊರುವ ಭಾರವೂ ಅಲ್ಪ. ಮರಳು ಪುಡಿಯಾಗದೆ ಗಾಲಿಯಡಿಯಲ್ಲಿ ಉರುಳಿ ಇನ್ನಷ್ಟು ಜಾರಿಸುವುದು. ಸಣ್ಣ ಹರಳೊಂದು ಅಡ್ಡ ಬಂದರೆ ಹಲಗೆ ಥಟ್ಟನೆ ನಿಲ್ಲುವುದು, ಸವಾರನು ಮುಂದಕ್ಕೆ ಬೀಳುವನು. ಹಲಗೆಯ ಮೇಲೆ ಅಂಟಿಸಿದ ಉರುಬುಕಾಗದವು ಪಾದವನ್ನು ಹಿಡಿಯಬಲ್ಲುದು, ನೆಲವನ್ನಲ್ಲ. ಮೈಯನ್ನು ವಾಲಿಸಿ ತಿರುಗುವಾಗ ಗಾಲಿಗೆ ಪಕ್ಕದ ಹಿಡಿತ ಬೇಕು. ಒದ್ದೆ ನೆಲದಲ್ಲಿ ಇಲ್ಲವಾಗುವುದು ಅದೇ. ಇದಲ್ಲದೆ ನೀರಿನಿಂದ ಬೇರಿಂಗುಗಳಿಗೆ ತುಕ್ಕು ಹಿಡಿಯುವುದು, ಮರದ ಪದರಗಳು ಉಬ್ಬುವುವು.

ಆದುದರಿಂದ ಮೊದಲನೆಯ ನಿಯಮವಿದು: ನೆಲ ಒದ್ದೆಯಾಗಿದ್ದರೆ ಹಲಗೆಯನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಮೊದಲ ಮಳೆಯಲ್ಲಂತೂ ರಸ್ತೆಯ ಎಣ್ಣೆಯೂ ಧೂಳೂ ನೀರಿನೊಡನೆ ಬೆರೆತು ಜಾರಿಕೆ ಹೆಚ್ಚುವುದು. ಆಡುತ್ತಿರುವಾಗಲೇ ಹನಿ ಬಿದ್ದರೆ ಮೊಣಕಾಲು ಬಗ್ಗಿಸಿ, ತೀವ್ರವಾಗಿ ತಿರುಗದೆ, ವೇಗವನ್ನು ಮೆಲ್ಲನೆ ಇಳಿಸಿ ಕೆಳಗಿಳಿಯಬೇಕು. ಬೀಳುವುದು ತಪ್ಪದೆಂದಾದರೆ ಕೈಯನ್ನು ನೆಟ್ಟಗೆ ಚಾಚಬಾರದು. ಮಣಿಕಟ್ಟಿನ ಎಲುಬು ಮುರಿಯುವುದು ಸಾಮಾನ್ಯವಾಗಿ ಹೀಗೆಯೇ. ಮೈಯನ್ನು ಕುಗ್ಗಿಸಿ ಭುಜದ ಮೇಲೆ ಉರುಳಬೇಕು. ಶಿರಸ್ತ್ರಾಣವಂತೂ ಒಣನೆಲದಲ್ಲಿಯೂ ಬೇಕೇ ಬೇಕು.

ಹರಿವ ನೀರಿನ ಬಂಡೆಗೆ ಮಾತ್ರ ಯಾವ ಉಪಾಯವೂ ಸಾಲದು. ಅಲ್ಲಿ ಘರ್ಷಣೆ ಕುಂದುವುದಷ್ಟೇ ಅಲ್ಲ, ಪ್ರವಾಹವೂ ತಳ್ಳುವುದು. ಎಲ್ಲಿಯೋ ಮೇಲೆ ಸುರಿದ ಮಳೆ ಕ್ಷಣದಲ್ಲಿ ಕೆಳಗೆ ಬಂದು ಮುಟ್ಟುವುದು. ದೂರದಲ್ಲಿ ನಿಂತು ನೋಡಿದರೂ ಜಲಪಾತದ ಚೆಲುವು ಕುಂದದು. ಹಿಂದೆ ಸರಿಯುವುದು ಹೇಡಿತನವಲ್ಲ, ನೆಲದ ಗುಣವನ್ನರಿತವನ ವಿವೇಕ.